ಮುಷ್ಟಿ ತಡೆಯಲು ಕಲಿತವನು ರಿಂಗಿಗೆ ಇಳಿಯುವಾಗ

(ಆಲೂರಿನಲ್ಲಿ ಕರಾಟೆ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆ ಆರಂಭವಾಗುವ ಮುನ್ನ ಹೊರಗಡೆ ನಿಂತಿದ್ದಾಗ ಓರ್ವ ತಂದೆ ನಮ್ಮಲ್ಲಿ ಒಂದು ಪ್ರಶ್ನೆ ಕೇಳಿದರು. "ಮಗನಿಗೆ 19 ತುಂಬಿದೆ. 8 ವರ್ಷ ಕರಾಟೆ ಕಲಿತಿದ್ದಾನೆ, ಕಪ್ಪು ಬೆಲ್ಟ್ ಸಿಕ್ಕಿದೆ. ಈಗ ಕಾಲೇಜು ಬಿಟ್ಟು ಬೆಂಗಳೂರಿಗೆ ಹೋಗಿ ಕಿಕ್‌ಬಾಕ್ಸಿಂಗನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎನ್ನುತ್ತಾನೆ. ಅವನ ತಾಯಿ ಎರಡು ವಾರದಿಂದ ಸರಿಯಾಗಿ ಊಟ ಮಾಡಿಲ್ಲ. ನಾನು ಬೇಡ ಎನ್ನಲೇ, ಹೋಗು ಎನ್ನಲೇ?" ಎಂದರು. ನಾವು ತಕ್ಷಣ ಉತ್ತರಿಸಲಿಲ್ಲ. ಭಾಷಣದ ಕೊನೆಗೆ ಹೇಳುತ್ತೇವೆ ಎಂದೆವು. ಆದ್ದರಿಂದ ಇಂದಿನ ಈ ಮಾತುಗಳೆಲ್ಲ ಆ ತಂದೆಗೆ ಕೊಡುವ ಉತ್ತರವೆಂದೇ ತಿಳಿಯಿರಿ. ಯಾಕೆಂದರೆ ಇದು ಅವರೊಬ್ಬರ ಪ್ರಶ್ನೆಯಲ್ಲ. ಇಂದು ಮೊಬೈಲಿನ ಪರದೆಯಲ್ಲಿ ರಿಂಗಿನ ಬೆಳಕನ್ನೂ ಜನರ ಚಪ್ಪಾಳೆಯನ್ನೂ ನೋಡುತ್ತಾ ಬೆಳೆಯುತ್ತಿರುವ ಹುಡುಗರಿರುವ ಪ್ರತಿ ಮನೆಗೂ ನಾಳೆ ಈ ಪ್ರಶ್ನೆ ಬರಬಹುದು.

ಮೊದಲು ಕರಾಟೆಯ ಬಗ್ಗೆ ಒಂದು ಮಾತು. ಆಲೂರು, ಸಕಲೇಶಪುರದಂತಹ ಮಲೆನಾಡಿನ ಊರುಗಳಲ್ಲಿ ವರ್ಷದ ನಾಲ್ಕು ತಿಂಗಳು ಮಳೆ. ಮೈದಾನದಲ್ಲಿ ಆಡಲು ಆಗುವುದಿಲ್ಲ. ತೋಟದ ದಾರಿಯಲ್ಲಿ ಸಂಜೆ ಓಡಲು ಹೊರಟರೆ ಆನೆಯ ಭಯ. ಹೀಗಿರುವಾಗ ಒಂದು ಸಭಾಂಗಣ, ಓರ್ವ ಶಿಕ್ಷಕ, ಬಿಳಿಯ ಉಡುಪು ಇಷ್ಟಿದ್ದರೆ ಸಾಕೆನ್ನುವ ಕರಾಟೆ ನಮ್ಮ ಮಕ್ಕಳಿಗೆ ದೊಡ್ಡ ಅನುಕೂಲವಾಯಿತು. ಘಟ್ಟದ ಕೆಳಗೆ ಮಂಗಳೂರಿನ ಕಡೆಯಲ್ಲಂತೂ ಕರಾಟೆ ಮನೆಮಾತು. 2017ರಲ್ಲಿ ಆ ನಗರದ ಮೇಯರ್ ಆಗಿದ್ದ ಕವಿತಾ ಸನಿಲ್ ಅವರೇ ಕರಾಟೆಪಟುವಾಗಿ ಸ್ಪರ್ಧೆಗೆ ಇಳಿದಿದ್ದರು. ಸರಕಾರಿ ಶಾಲೆಗಳಲ್ಲಿಯೂ ಹಾಸ್ಟೆಲ್‌ಗಳಲ್ಲಿಯೂ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಹೆಸರಿನಲ್ಲಿ ಕಲಿಸಲಾಗುವುದು ಹೆಚ್ಚಾಗಿ ಕರಾಟೆಯೇ. ಶಿಸ್ತು, ಗುರುಹಿರಿಯರಿಗೆ ಗೌರವ, ಸಮಯಪಾಲನೆ, ದುಶ್ಚಟಗಳಿಂದ ದೂರವಿರುವುದು ಇವೆಲ್ಲ ಈ ತರಗತಿಗಳಿಂದ ನಮ್ಮ ಮಕ್ಕಳಿಗೆ ಸಿಕ್ಕಿವೆ. ಎಲ್ಲ ಧರ್ಮದ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತು, ಒಬ್ಬರಿಗೊಬ್ಬರು ಬಾಗಿ ವಂದಿಸಿ, ಒಂದೇ ನೆಲದ ಮೇಲೆ ಬಿದ್ದೇಳುತ್ತಾರೆ. ಇದಕ್ಕಾಗಿ ನಾವು ಶಿಕ್ಷಕರಿಗೆ ಕೃತಜ್ಞರಾಗಿರಬೇಕು.

ಆದರೆ ಈ ತರಗತಿಯಲ್ಲಿ ನಮ್ಮ ಮಕ್ಕಳು ನಿಜಕ್ಕೂ ಏನನ್ನು ಕಲಿಯುತ್ತಾರೆ? ಹೊಡೆಯುವುದನ್ನು ಎಂದು ನೀವು ಹೇಳಬಹುದು. ವಾಸ್ತವದಲ್ಲಿ ಅವರು ಅದಕ್ಕಿಂತಲೂ ಕಷ್ಟದ ಒಂದು ವಿದ್ಯೆಯನ್ನು ಕಲಿಯುತ್ತಾರೆ. ಬಿರುಸಾಗಿ ಹೊರಟ ಮುಷ್ಟಿಯನ್ನು ಎದುರಾಳಿಯ ಚರ್ಮದ ಬಳಿ ತಡೆದು ನಿಲ್ಲಿಸುವುದನ್ನು ಕಲಿಯುತ್ತಾರೆ. ವಿಶ್ವ ಕರಾಟೆ ಫೆಡರೇಷನ್ನಿನ ನಿಯಮದಂತೆ ನಡೆಯುವ ಸ್ಪರ್ಧೆಯನ್ನು ನೋಡಿದವರಿಗೆ ಇದು ಗೊತ್ತು. ಕೈಯ ಗುದ್ದಿಗೆ 1 ಅಂಕ, ಹೊಟ್ಟೆ ಬೆನ್ನಿಗೆ ತಾಗುವ ಒದೆತಕ್ಕೆ 2 ಅಂಕ, ತಲೆಯ ಮಟ್ಟಕ್ಕೆ ಏರುವ ಒದೆತಕ್ಕೆ 3 ಅಂಕ. 8 ಅಂಕಗಳ ಮುನ್ನಡೆ ಸಿಕ್ಕಿದರೆ ಪಂದ್ಯ ಮುಗಿಯಿತು. ಅಂಕ ಬಿದ್ದ ಕೂಡಲೇ ರೆಫರಿ ತಡೆಯುತ್ತಾನೆ, ಇಬ್ಬರೂ ತಮ್ಮ ಜಾಗಕ್ಕೆ ಮರಳುತ್ತಾರೆ. ಮುಖಕ್ಕೆ ಹದ ಮೀರಿ ಹೊಡೆದರೆ ಅಂಕ ಸಿಗುವುದಿಲ್ಲ, ಶಿಕ್ಷೆ ಸಿಗುತ್ತದೆ.

ಇದಕ್ಕೆ ಇಡೀ ಜಗತ್ತು ನೋಡಿದ ಒಂದು ಉದಾಹರಣೆಯಿದೆ. ಕೋವಿಡ್‌ನಿಂದಾಗಿ ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕರಾಟೆಗೆ ಮೊದಲ ಬಾರಿ ಸ್ಥಾನ ದೊರೆಯಿತು. ಆಗಸ್ಟ್ 7ರಂದು 75 ಕಿಲೋಗಿಂತ ಮೇಲ್ಪಟ್ಟ ಪುರುಷರ ಫೈನಲ್. ಒಂದು ಕಡೆ ಸೌದಿ ಅರೇಬಿಯಾದ ತಾರಿಕ್ ಹಾಮಿದಿ, ಇನ್ನೊಂದು ಕಡೆ ಇರಾನಿನ ಸಜ್ಜಾದ್ ಗಂಜ್‌ಝಾದೆ. ಹಾಮಿದಿ 4-1ರ ಮುನ್ನಡೆಯಲ್ಲಿದ್ದರು. ಆಗ ಅವರು ಎತ್ತಿದ ಒಂದು ಒದೆತ ಎದುರಾಳಿಯ ತಲೆ ಕತ್ತಿನ ಭಾಗಕ್ಕೆ ಬಲವಾಗಿ ಬಡಿಯಿತು. ಗಂಜ್‌ಝಾದೆ ಪ್ರಜ್ಞೆ ತಪ್ಪಿ ಬಿದ್ದರು, ಅವರನ್ನು ಸ್ಟ್ರೆಚರ್‌ನಲ್ಲಿ ಹೊತ್ತೊಯ್ಯಲಾಯಿತು. ಚಿನ್ನದ ಪದಕ ಯಾರಿಗೆ ಸಿಕ್ಕಿತು? ಬಿದ್ದವರಿಗೆ. ನಿಯಂತ್ರಣ ಮೀರಿ ಹೊಡೆದ ಕಾರಣಕ್ಕೆ ಹಾಮಿದಿಯನ್ನು ಆ ಪಂದ್ಯದಿಂದ ಅನರ್ಹಗೊಳಿಸಲಾಯಿತು, ಅವರು ಬೆಳ್ಳಿಯೊಂದಿಗೆ ಕಣ್ಣೀರು ಹಾಕುತ್ತಾ ಮರಳಿದರು. ಅದೇ ಒದೆತ ಕಿಕ್‌ಬಾಕ್ಸಿಂಗ್ ರಿಂಗಿನಲ್ಲಿ ಬಿದ್ದಿದ್ದರೆ? ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು, ಹಾಮಿದಿಯ ಕೈಯನ್ನು ಮೇಲೆತ್ತಿ ಗೆದ್ದವನೆಂದು ಸಾರಲಾಗುತ್ತಿತ್ತು.

ಹೆತ್ತವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು, ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಕರಾಟೆಯಲ್ಲಿ ಯಾವುದಕ್ಕೆ ಶಿಕ್ಷೆಯಿದೆಯೋ ವೃತ್ತಿಪರ ಕಿಕ್‌ಬಾಕ್ಸಿಂಗ್‌ನಲ್ಲಿ ಅದಕ್ಕೆ ಬಹುಮಾನವಿದೆ. ಉಡುಪು ಬದಲಿಸಿ, ಗ್ಲೌಸ್ ತೊಟ್ಟ ಮಾತ್ರಕ್ಕೆ ಒಂದರಿಂದ ಇನ್ನೊಂದಕ್ಕೆ ದಾಟಿದಂತಾಗುವುದಿಲ್ಲ. 8 ವರ್ಷ ಮೈಗೂಡಿಸಿಕೊಂಡ ಅಭ್ಯಾಸದ ದಿಕ್ಕನ್ನೇ ತಿರುಗಿಸಬೇಕಾಗುತ್ತದೆ.

ಅಭ್ಯಾಸ ಎಂದರೇನು? ಅಂಕಕ್ಕಾಗಿ ಆಡುವ ಕರಾಟೆಪಟು ಪಕ್ಕಕ್ಕೆ ತಿರುಗಿ, ಕಾಲುಗಳನ್ನು ಅಗಲಿಸಿ ನಿಲ್ಲುತ್ತಾನೆ. ದೂರದಿಂದ ಚಿಮ್ಮಿ ಬಂದು ಹೊಡೆದು, ಹಾಗೆಯೇ ಹಿಂದೆ ಸರಿಯುತ್ತಾನೆ. ಕೈ ಸೊಂಟದ ಬಳಿಗೆ ಇಳಿದಿರುತ್ತದೆ. ಒಂದು ಏಟು ತಾಗಿದರೆ ಕೆಲಸ ಮುಗಿಯಿತೆಂದು ಅವನ ದೇಹ ನಂಬಿರುತ್ತದೆ. ರಿಂಗಿನಲ್ಲಿ ಆ ಅಗಲಿಸಿದ ಮುಂಗಾಲೇ ಮೊದಲ ಗುರಿ. ಎದುರಾಳಿ ತನ್ನ ಕಾಲಿನ ಮೂಳೆಯಿಂದ ತೊಡೆಗೆ ಬಾರಿಸುತ್ತಾನೆ. ಇಂತಹ ಐದಾರು ಒದೆತ ತಿಂದವನಿಗೆ ನಿಲ್ಲುವುದೇ ಕಷ್ಟವಾಗುತ್ತದೆ. ಹಿಂದೆ ಸರಿಯೋಣವೆಂದರೆ ಬೆನ್ನ ಹಿಂದೆ ಹಗ್ಗ. ಹೊಡೆದು ನಿಂತರೆ ತಡೆಯಲು ರೆಫರಿ ಬರುವುದಿಲ್ಲ, ಎದುರಾಳಿಯ ಮೂರು ಗುದ್ದು ಬರುತ್ತದೆ. ಕೆ-1 ನಿಯಮದ ಪಂದ್ಯದಲ್ಲಿ ಮುಖಕ್ಕೆ ಗುದ್ದಬಹುದು, ತೊಡೆಗೆ ಒದೆಯಬಹುದು, ಮೊಣಕಾಲಿನಿಂದ ಹೊಟ್ಟೆಗೆ ತಿವಿಯಬಹುದು. ತಲಾ 3 ನಿಮಿಷಗಳ 3 ಸುತ್ತು.

"ನಮ್ಮದು ಪಾಯಿಂಟ್ ಕರಾಟೆಯಲ್ಲ, ನಿಜವಾಗಿ ಹೊಡೆಯುವ ಕರಾಟೆ" ಎಂದು ಕೆಲವು ಹುಡುಗರು ಹೇಳುತ್ತಾರೆ. ಕ್ಯೋಕುಶಿನ್ ಎಂಬ ಶೈಲಿಯಲ್ಲಿ ಗ್ಲೌಸ್ ಇಲ್ಲದೆ ಪೂರ್ಣ ಬಲದಿಂದ ಹೊಡೆಯುತ್ತಾರೆ ಎಂಬುದು ಸರಿ. ಆದರೆ ಅಲ್ಲಿಯೂ ಕೈಯಿಂದ ಮುಖಕ್ಕೆ ಗುದ್ದುವಂತಿಲ್ಲ. ಆದ್ದರಿಂದ ಆ ಶೈಲಿಯ ಘಟಾನುಘಟಿಗಳೂ ರಿಂಗಿಗೆ ಬಂದಾಗ ಮುಖ ಕಾಯುವುದನ್ನು ಅಕ್ಷರಮಾಲೆಯಿಂದ ಕಲಿಯಬೇಕಾಯಿತು.

ಈ ದಾಟುವಿಕೆಯ ಇತಿಹಾಸವನ್ನು ಸ್ವಲ್ಪ ನೋಡೋಣ. ಅದರಲ್ಲಿ ನಮ್ಮ ಯುವಕರಿಗೆ ದೊಡ್ಡ ಪಾಠವಿದೆ. ಕಿಕ್‌ಬಾಕ್ಸಿಂಗ್ ಹುಟ್ಟಿದ್ದೇ ಕರಾಟೆಯವರು ಥಾಯ್ಲೆಂಡಿನ ಮುವಾಯ್ ಥಾಯ್ ಹೋರಾಟಗಾರರನ್ನು ಎದುರಿಸಲು ಹೊರಟಾಗ. 1960ರ ದಶಕದ ಆರಂಭದಲ್ಲಿ ಜಪಾನಿನ ಮೂವರು ಕರಾಟೆಪಟುಗಳು ಬ್ಯಾಂಕಾಕಿನ ಲುಂಪಿನಿ ಕ್ರೀಡಾಂಗಣಕ್ಕೆ ಹೋದರು. ಇಬ್ಬರು ಗೆದ್ದರು. ಮೂರನೆಯವರು ಕೆಂಜಿ ಕುರೊಸಾಕಿ. ಅವರು ಮೊಣಕೈ ಏಟಿಗೆ ಸೋತರು. ಗೆದ್ದು ಬಂದ ತಂಡದಲ್ಲಿ ಸೋತ ಒಬ್ಬ. ಆದರೆ ಆ ಸೋಲನ್ನು ಮರೆಯದೆ, ತನಗೆ ಗೊತ್ತಿಲ್ಲದ್ದು ಏನೆಂಬುದನ್ನು ಹುಡುಕಿದವರೂ ಅವರೇ. ಅವರು ಟೋಕಿಯೋದಲ್ಲಿ ಮೆಜಿರೊ ಜಿಮ್ ಎಂಬ ತರಬೇತಿ ಶಾಲೆ ಕಟ್ಟಿದರು. ಅವರ ಶಿಷ್ಯ ತೋಶಿಯೊ ಫುಜಿವಾರಾ 1978ರಲ್ಲಿ ಥಾಯ್ಲೆಂಡಿನ ರಾಜದಮ್ನೆರ್ನ್ ಕ್ರೀಡಾಂಗಣದ ಪ್ರಶಸ್ತಿಯನ್ನು ಗೆದ್ದರು. ಥಾಯ್ ಅಲ್ಲದ ಒಬ್ಬ ವ್ಯಕ್ತಿ ಆ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಒಂದು ಸೋಲಿನಿಂದ ಈ ಗೆಲುವಿಗೆ ಸುಮಾರು 15 ವರ್ಷಗಳು ಹಿಡಿದವು.

ಇನ್ನೊಬ್ಬರು ತದಾಶಿ ಸವಾಮುರಾ. ಕರಾಟೆಯಿಂದ ಬಂದು 1966ರಲ್ಲಿ ಜಪಾನಿನ ಕಿಕ್‌ಬಾಕ್ಸಿಂಗ್ ರಿಂಗಿಗೆ ಇಳಿದವರು. ಮೊದಲ ಪಂದ್ಯ ಗೆದ್ದರು. ಅದೇ ವರ್ಷ ಥಾಯ್ಲೆಂಡಿನ ಓರ್ವ ಪ್ರಬಲ ಹೋರಾಟಗಾರ ಅವರನ್ನು ನಾಲ್ಕು ಸುತ್ತುಗಳಲ್ಲಿ 16 ಬಾರಿ ನೆಲಕ್ಕೆ ಕೆಡವಿದ. ಕರಾಟೆಯಲ್ಲಿ ಹೆಸರು ಮಾಡಿದ್ದ ವ್ಯಕ್ತಿ ಜನರ ಮುಂದೆ 16 ಬಾರಿ ಬಿದ್ದರು! ಅವರು ಮತ್ತೆ ಕಲಿಕೆಗೆ ಕುಳಿತರು. ಮುಂದೆ ಜಪಾನಿನ ಮನೆಮನೆಗೂ ಗೊತ್ತಿರುವ ತಾರೆಯಾದರು. 1973ರಲ್ಲಿ ಆ ದೇಶದ ವೃತ್ತಿಪರ ಕ್ರೀಡೆಗಳ ಶ್ರೇಷ್ಠ ಪ್ರಶಸ್ತಿ ಅವರಿಗೆ ದೊರೆಯಿತು.

ಮೂರನೆಯ ಹೆಸರು ಸ್ವಿಟ್ಜರ್ಲೆಂಡಿನ ಆಂಡಿ ಹುಗ್. 1987ರ ಕ್ಯೋಕುಶಿನ್ ವಿಶ್ವ ಸ್ಪರ್ಧೆಯಲ್ಲಿ ಫೈನಲ್ ತನಕ ಬಂದವರು. ಕಝುಯೋಶಿ ಇಶಿ ಎಂಬ ಕರಾಟೆ ಗುರು 1993ರಲ್ಲಿ ಟೋಕಿಯೋದಲ್ಲಿ ಕೆ-1 ಎಂಬ ಸ್ಪರ್ಧೆಯನ್ನು ಆರಂಭಿಸಿದಾಗ ಹುಗ್ ಅದೇ ವರ್ಷ ಗ್ಲೌಸ್ ತೊಟ್ಟರು. ಆದರೆ 1994ರ ಗ್ರಾಂಡ್ ಪ್ರೀಯಲ್ಲಿ ಅಮೆರಿಕದ ಪ್ಯಾಟ್ರಿಕ್ ಸ್ಮಿತ್ ಅವರನ್ನು ಕೇವಲ 19 ಸೆಕೆಂಡುಗಳಲ್ಲಿ ಮುಗಿಸಿಬಿಟ್ಟರು. 1995ರಲ್ಲಿ ದಕ್ಷಿಣ ಆಫ್ರಿಕದ ಮೈಕ್ ಬರ್ನಾರ್ಡೊ ಎದುರು ಸೋತರು. ಕೊನೆಗೆ 1996ರ ಮೇ 6ರಂದು ಅದೇ ಬರ್ನಾರ್ಡೊರನ್ನು ಫೈನಲ್‌ನಲ್ಲಿ ಸೋಲಿಸಿ ಪ್ರಶಸ್ತಿ ಗೆದ್ದರು. ಆಗ ಅವರಿಗೆ 31 ವರ್ಷ. ಕೊನೆಯ ಏಟು ಕೂಡ ಕರಾಟೆಯ ವರಸೆಯೇ, ಗಿರಕಿ ಹೊಡೆದು ಹಿಮ್ಮಡಿಯಿಂದ ತೊಡೆಗೆ ಬಾರಿಸುವ ಒದೆತ. ಕಲಿತದ್ದನ್ನು ಅವರು ಬಿಸಾಡಲಿಲ್ಲ, ಬಾಕ್ಸಿಂಗ್ ಕಲಿತು ಅದರ ಜೊತೆ ಸೇರಿಸಿದರು. 2000ದ ಆಗಸ್ಟ್‌ನಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಇನ್ನೂ 35 ವರ್ಷವಾಗಿತ್ತು.

ಈ ಮೂವರ ಕಥೆಯಲ್ಲಿ ಸಮಾನವಾದುದು ಏನು? ಮೂವರೂ ದೊಡ್ಡ ಕರಾಟೆಪಟುಗಳು, ಮೂವರೂ ಮೊದಮೊದಲು ಕೆಟ್ಟದಾಗಿ ಸೋತವರು. ಮೂವರಿಗೂ ಮತ್ತೆ ಬಿಳಿ ಬೆಲ್ಟಿನವರಾಗುವ ವಿನಯವಿತ್ತು. ಅವರ ಬಳಿ ಒಳ್ಳೆಯ ಗುರು ಅಥವಾ ಜಿಮ್ ಇತ್ತು, ಕಾಯಲು ವರ್ಷಗಳಿದ್ದವು. ನಮ್ಮ ಹುಡುಗರು ಮೊಬೈಲ್‌ನಲ್ಲಿ ನೋಡುವುದು 1996ರ ಗೆಲುವನ್ನು. 1994ರ ಆ 19 ಸೆಕೆಂಡುಗಳನ್ನೂ ಅವರಿಗೆ ತೋರಿಸಬೇಕು.

ಈಗ ಹೇಳಲು ಮನಸ್ಸಿಲ್ಲದ, ಆದರೆ ಹೇಳಲೇಬೇಕಾದ ಒಂದು ಘಟನೆ. 2022ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೆ-1 ನಿಯಮದ ಒಂದು ಕಿಕ್‌ಬಾಕ್ಸಿಂಗ್ ಸ್ಪರ್ಧೆ ನಡೆಯಿತು. ಮೈಸೂರಿನ 23 ವರ್ಷದ ಯುವಕ ಅದರಲ್ಲಿ ಭಾಗವಹಿಸಿದ್ದ. ಎದುರಾಳಿಯ ಹೊಡೆತಕ್ಕೆ ರಿಂಗಿನಲ್ಲಿಯೇ ಕುಸಿದು ಬಿದ್ದ. ತಲೆಗೆ ಪೆಟ್ಟಾಗಿತ್ತು. ಆಸ್ಪತ್ರೆಗೆ ಸೇರಿಸಲಾಯಿತು, ಆದರೆ ಬದುಕುಳಿಯಲಿಲ್ಲ. ಸ್ಥಳದಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆಯಿರಲಿಲ್ಲ ಎಂದು ಕುಟುಂಬದವರು ಆರೋಪಿಸಿದರು. ಸಂಘಟಕರ ವಿರುದ್ಧ ನಿರ್ಲಕ್ಷ್ಯದ ಪ್ರಕರಣ ದಾಖಲಾಯಿತು. ಆ ಯುವಕನ ಮನೆಯಲ್ಲಿಯೂ ಅಂದು ಬೆಳಗ್ಗೆ ತಾಯಿಯೊಬ್ಬರು ಮಗನನ್ನು ಗೆದ್ದು ಬಾ ಎಂದು ಕಳುಹಿಸಿರಬಹುದಲ್ಲವೇ?

ಇಂತಹ ಸಾವು ಹೇಗೆ ಸಂಭವಿಸುತ್ತದೆಂಬುದನ್ನು ಹೆತ್ತವರು ತಿಳಿದಿರಬೇಕು. ತಲೆಗೆ ಏಟು ಬಿದ್ದಾಗ ತಲೆಬುರುಡೆಯೊಳಗೆ ಮಿದುಳು ಅಲುಗಾಡುತ್ತದೆ. ಮಿದುಳಿನ ಹೊದಿಕೆಯ ಸಣ್ಣ ರಕ್ತನಾಳ ಹರಿದರೆ ಒಳಗೆ ರಕ್ತ ಶೇಖರವಾಗಿ ಮಿದುಳನ್ನು ಒತ್ತುತ್ತದೆ. ಕೆಲವೊಮ್ಮೆ ಇದು ಕೂಡಲೇ ಗೊತ್ತಾಗುವುದಿಲ್ಲ. ಹುಡುಗ ಎದ್ದು ನಿಲ್ಲುತ್ತಾನೆ, ನಗುತ್ತಾನೆ, ಬಸ್ಸು ಹತ್ತುತ್ತಾನೆ. ಗಂಟೆಗಳ ಬಳಿಕ ತಲೆನೋವು ಹೆಚ್ಚುತ್ತದೆ, ವಾಂತಿಯಾಗುತ್ತದೆ, ಮಾತು ತೊದಲುತ್ತದೆ, ನಿದ್ದೆಯ ಮಂಪರು ಬರುತ್ತದೆ. "ಆಯಾಸವಾಗಿದೆ, ಮಲಗಲಿ ಬಿಡಿ" ಎಂದು ಮನೆಯವರು ಸುಮ್ಮನಾದರೆ ಅದೇ ಕೊನೆಯ ನಿದ್ದೆಯಾಗಬಹುದು. ಈ ಲಕ್ಷಣಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಸ್ಕ್ಯಾನಿಂಗ್ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ನೆನಪಿಡಿ, ಆಲೂರಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಸುಮಾರು 200 ಕಿಲೋಮೀಟರ್ ದೂರವಿದೆ. ಇನ್ನೊಂದು ಅಂಶ: ಒಮ್ಮೆ ಪೆಟ್ಟು ತಿಂದ ಮಿದುಳು ಚೇತರಿಸುವ ಮೊದಲು ಬೀಳುವ ಎರಡನೇ ಪೆಟ್ಟು, ಅದು ಸಣ್ಣದೇ ಆಗಿದ್ದರೂ, ಮಾರಕವಾಗಬಲ್ಲದು. ಆದ್ದರಿಂದಲೇ ಹವ್ಯಾಸಿ ಬಾಕ್ಸಿಂಗ್‌ನಲ್ಲಿ ತಲೆಗೆ ಬಿದ್ದ ಏಟಿನಿಂದ ಪಂದ್ಯ ನಿಂತರೆ ಕನಿಷ್ಠ 30 ದಿನ ರಿಂಗಿಗೆ ಇಳಿಯದಂತೆ ನಿಯಮವಿದೆ. ಊರೂರಿನ ಖಾಸಗಿ ಸ್ಪರ್ಧೆಗಳಲ್ಲಿ ಈ 30 ದಿನಗಳನ್ನು ಎಣಿಸುವವರು ಯಾರು?

ಮಕ್ಕಳ ವಿಷಯದಲ್ಲಂತೂ ರಾಜಿಯೇ ಇರಕೂಡದು. 2018ರ ನವೆಂಬರ್‌ನಲ್ಲಿ ಥಾಯ್ಲೆಂಡಿನಲ್ಲಿ 13 ವರ್ಷದ ಬಾಲಕನೊಬ್ಬ ರಿಂಗಿನಲ್ಲಿ ತಲೆಗೆ ಏಟು ತಿಂದು ಮಿದುಳಿನ ರಕ್ತಸ್ರಾವದಿಂದ ಮೃತಪಟ್ಟ. 8ನೇ ವಯಸ್ಸಿನಿಂದಲೇ ಅವನು ಹಣಕ್ಕಾಗಿ ಹೋರಾಡುತ್ತಿದ್ದ. ಮನೆಯ ಬಡತನ ಅವನನ್ನು ಅಲ್ಲಿ ನಿಲ್ಲಿಸಿತ್ತು. ಅವನ ಸಾವಿನ ನಂತರ ಆ ದೇಶದಲ್ಲಿ ಮಕ್ಕಳ ಹೋರಾಟವನ್ನು ನಿಷೇಧಿಸಬೇಕೆಂಬ ದೊಡ್ಡ ಚರ್ಚೆ ನಡೆಯಿತು.

ತೂಕ ಇಳಿಸುವ ಪಿಡುಗು ಇನ್ನೊಂದು. ಕೆಳಗಿನ ತೂಕದ ವಿಭಾಗದಲ್ಲಿ ಆಡಿದರೆ ಗೆಲುವು ಸುಲಭವೆಂದು ಸ್ಪರ್ಧೆಗೆ ಎರಡು ಮೂರು ದಿನಗಳಿರುವಾಗ ನೀರು ಬಿಡುತ್ತಾರೆ, ಬಿಸಿ ಕೋಣೆಯಲ್ಲಿ ಕುಳಿತು ಬೆವರು ಸುರಿಸುತ್ತಾರೆ. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಚೀನಾದ 21 ವರ್ಷದ ಹೋರಾಟಗಾರ ಯಾಂಗ್ ಜಿಯಾನ್‌ಬಿಂಗ್ ಹೀಗೆ ತೂಕ ಇಳಿಸುವಾಗಲೇ ಕುಸಿದು ಸಾವಿಗೀಡಾದರು. ರಿಂಗಿಗೆ ಕಾಲಿಡುವ ಮೊದಲೇ! ಆ ಬಳಿಕ ಅಲ್ಲಿನ ಸಂಘಟಕರಾದ ಒನ್ ಚಾಂಪಿಯನ್‌ಶಿಪ್ ಸಂಸ್ಥೆಯು ತೂಕದ ನಿಯಮವನ್ನೇ ಬದಲಿಸಿ, ದೇಹದಲ್ಲಿ ನೀರಿನಂಶವಿದೆಯೇ ಎಂಬುದನ್ನು ಪರೀಕ್ಷಿಸತೊಡಗಿತು. "ನಮಗೆ ಉಪವಾಸದ ರೂಢಿಯಿದೆ, ಇದೇನು ಮಹಾ" ಎಂದು ನಮ್ಮ ಹುಡುಗರು ಹೇಳುವುದನ್ನು ನಾವು ಕೇಳಿದ್ದೇವೆ. ಉಪವಾಸ ಸೂರ್ಯಾಸ್ತಕ್ಕೆ ನೀರಿನಿಂದಲೇ ಮುಗಿಯುತ್ತದೆ. ರೋಗಿಗೆ, ಪ್ರಯಾಣಿಕನಿಗೆ ಅದರಲ್ಲಿ ವಿನಾಯಿತಿಯಿದೆ. ದೇಹವನ್ನು ಹಿಂಡಿ ನೀರು ತೆಗೆಯುವ ಈ ಕ್ರಮಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನು ದುಡ್ಡಿನ ಮಾತು. ವೃತ್ತಿ ಎಂದ ಮೇಲೆ ಅದು ಮನೆ ನಡೆಸಬೇಕು. ನಮ್ಮ ದೇಶದಲ್ಲಿ ಕಿಕ್‌ಬಾಕ್ಸಿಂಗ್‌ನ ಬಹುಮಾನದಿಂದಲೇ ಜೀವನ ಸಾಗಿಸುವವರು ತೀರಾ ಅಪರೂಪ. ಹೆಚ್ಚಿನವರು ಜಿಮ್‌ಗಳಲ್ಲಿ ತರಬೇತಿ ಕೊಟ್ಟು ಬದುಕುತ್ತಾರೆ. ಅದು ಗೌರವದ ದುಡಿಮೆಯೇ, ಆದರೆ ಹುಡುಗ ಕನಸು ಕಂಡದ್ದು ಅದನ್ನಲ್ಲ ಎಂಬುದನ್ನು ಅವನಿಗೆ ಮೊದಲೇ ತಿಳಿಸಬೇಕು. ಜಗತ್ತಿನ ಅತಿದೊಡ್ಡ ವೇದಿಕೆಯೆನಿಸಿದ್ದ ಕೆ-1ರ ಗತಿ ಏನಾಯಿತು? ಅದರ ಸ್ಥಾಪಕ ಇಶಿಯವರು 2003ರಲ್ಲಿ ತೆರಿಗೆ ವಂಚನೆಯ ಪ್ರಕರಣದಲ್ಲಿ ಬಂಧನಕ್ಕೊಳಗಾದರು. ಅದನ್ನು ನಡೆಸುತ್ತಿದ್ದ ಸಂಸ್ಥೆ 2012ರಲ್ಲಿ ದಿವಾಳಿಯಾಯಿತು. ತಮಗೆ ಬರಬೇಕಾದ ಹಣ ಬಂದಿಲ್ಲವೆಂದು ಹಲವು ಹೋರಾಟಗಾರರು ಬಹಿರಂಗವಾಗಿ ದೂರಿದರು. ಹೆಸರು ಬದಲಾಗಿ, ಮಾಲೀಕರು ಬದಲಾಗಿ ಆ ಸ್ಪರ್ಧೆ ಮುಂದುವರಿಯಿತು ಎಂಬುದು ನಿಜ. ಆದರೆ ಏಟು ತಿಂದ ದೇಹಗಳಿಗೆ ಬಾಕಿ ತೀರಿಸಿದವರು ಯಾರು?

ಹಾಗಾದರೆ ಸರಕಾರದ ಮಾನ್ಯತೆ, ಒಲಿಂಪಿಕ್ಸ್ ಎಂದೆಲ್ಲ ಆಸೆ ತೋರಿಸುವವರ ಮಾತೇನು? ಇಲ್ಲಿಯೂ ಸತ್ಯ ತಿಳಿದಿರಲಿ. ಟೋಕಿಯೋದ ಬಳಿಕ ಕರಾಟೆಯನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿಯೂ ಅದು ಇಲ್ಲ. ಕಿಕ್‌ಬಾಕ್ಸಿಂಗ್‌ನ ಅಂತಾರಾಷ್ಟ್ರೀಯ ಸಂಸ್ಥೆಯಾದ ವಾಕೋಗೆ 2021ರ ಜುಲೈಯಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಸಿಕ್ಕಿತು. ಆದರೆ ಮಾನ್ಯತೆ ಸಿಗುವುದೂ ಒಲಿಂಪಿಕ್ಸ್‌ನಲ್ಲಿ ಆಡಿಸುವುದೂ ಬೇರೆ ಬೇರೆ. ಭಾರತದ ಕರಾಟೆ ಸಂಘಟನೆಗಳ ಒಳಜಗಳವಂತೂ ಹಳೆಯ ಕಥೆ. 2020ರಲ್ಲಿ ವಿಶ್ವ ಫೆಡರೇಷನ್ ನಮ್ಮ ರಾಷ್ಟ್ರೀಯ ಸಂಘದ ಮಾನ್ಯತೆಯನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಳ್ಳುವ ತನಕ ಅದು ಮುಟ್ಟಿತು. ಪದಾಧಿಕಾರಿಗಳ ಜಗಳದಲ್ಲಿ ನಷ್ಟವಾಗುವುದು ಮಕ್ಕಳಿಗೆ. ಪ್ರಮಾಣಪತ್ರದ ಮೇಲೆ 'ಅಂತಾರಾಷ್ಟ್ರೀಯ' ಎಂದು ಬರೆದಿದ್ದರೆ ಸಾಲದು, ಅದನ್ನು ಕೊಟ್ಟವರು ಯಾರು, ಉದ್ಯೋಗಕ್ಕೋ ಕಾಲೇಜು ಪ್ರವೇಶಕ್ಕೋ ಅದಕ್ಕೆ ಬೆಲೆಯಿದೆಯೇ ಎಂದು ಕೇಳಿ ತಿಳಿಯುವುದು ಹೆತ್ತವರ ಹಕ್ಕು.

ಇಷ್ಟೆಲ್ಲ ಹೇಳಿದ್ದನ್ನು ಕೇಳಿ, ನಾವು ಈ ಕ್ರೀಡೆಗೆ ಬಾಗಿಲು ಹಾಕಬೇಕೆನ್ನುತ್ತಿದ್ದೇವೆ ಎಂದು ಭಾವಿಸಬೇಡಿ. ಕಾಶ್ಮೀರದ ಬಂಡಿಪೋರಾದ ತಜಮುಲ್ ಇಸ್ಲಾಮ್ ಎಂಬ ಬಾಲಕಿ 2016ರಲ್ಲಿ, ತನ್ನ 8ನೇ ವಯಸ್ಸಿನಲ್ಲಿ, ಇಟಲಿಯಲ್ಲಿ ನಡೆದ ಕಿರಿಯರ ವಿಶ್ವ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದಳು. 2021ರಲ್ಲಿ ಈಜಿಪ್ಟಿನ ಕೈರೋದಲ್ಲಿ ಮತ್ತೊಮ್ಮೆ ಗೆದ್ದಳು. ಸಾಮಾನ್ಯ ಕುಟುಂಬದ ಆ ಹುಡುಗಿಯ ಸಾಧನೆ ನಮ್ಮ ಹೆಣ್ಣುಮಕ್ಕಳಿಗೂ ಹುರುಪು ತುಂಬುವಂಥದ್ದು. ಆದರೆ ಅದು ಹವ್ಯಾಸಿ ಕ್ರೀಡೆ, ವಯಸ್ಸು ತೂಕಗಳ ವಿಭಾಗವಿರುವ ಸ್ಪರ್ಧೆ. ಅದಕ್ಕೂ ಹಣಕ್ಕಾಗಿ ಆಡುವ ಪಂದ್ಯಕ್ಕೂ ನಡುವೆ ಮೆಟ್ಟಿಲುಗಳಿವೆ.

ಆ ಮೆಟ್ಟಿಲುಗಳನ್ನೇ ನಾವು ಯುವಕರಿಗೆ ಹೇಳಬಯಸುತ್ತೇವೆ. ಹವ್ಯಾಸಿ ಕಿಕ್‌ಬಾಕ್ಸಿಂಗ್‌ನಲ್ಲಿ ಅಂಕಕ್ಕಾಗಿ ಆಡುವ ಪಾಯಿಂಟ್ ಫೈಟಿಂಗ್ ಇದೆ, ಹಗುರ ಸ್ಪರ್ಶದ ಲೈಟ್ ಕಾಂಟ್ಯಾಕ್ಟ್ ಇದೆ, ಆಮೇಲೆ ಫುಲ್ ಕಾಂಟ್ಯಾಕ್ಟ್, ಲೋ ಕಿಕ್, ಕೆ-1 ಎಂಬ ವಿಭಾಗಗಳಿವೆ. ಕರಾಟೆಯಿಂದ ಬಂದವನಿಗೆ ಮೊದಲೆರಡು ಪರಿಚಿತ ಮನೆಯಂತೆ. ಅಲ್ಲಿಂದ ಆರಂಭಿಸಲಿ. ಅದರ ಜೊತೆಗೆ ಬಾಕ್ಸಿಂಗ್ ಗುರುವಿನ ಬಳಿ ಕೈ ಎತ್ತಿ ಮುಖ ಕಾಯುವುದನ್ನು, ತಲೆ ತಪ್ಪಿಸುವುದನ್ನು ಕಲಿಯಲಿ. ತೊಡೆಯ ಮೇಲಿನ ಒದೆತವನ್ನು ಕಾಲೆತ್ತಿ ತಡೆಯುವುದನ್ನು ಕಲಿಯಲಿ. ಎರಡು ಮೂರು ವರ್ಷ ಹೆಲ್ಮೆಟ್ ತೊಟ್ಟು ಹವ್ಯಾಸಿ ಪಂದ್ಯಗಳನ್ನು ಆಡಲಿ. ಆಗ ಅವನಿಗೇ ಗೊತ್ತಾಗುತ್ತದೆ, ಇದು ತನ್ನ ದಾರಿಯೋ ಅಲ್ಲವೋ ಎಂದು. ಇಷ್ಟು ಕಾಯುವ ತಾಳ್ಮೆ ಇಲ್ಲದವನು ರಿಂಗಿಗೂ ಯೋಗ್ಯನಲ್ಲ.

ಕರಾಟೆ ಶಿಕ್ಷಕರಲ್ಲಿ ನಮ್ಮದೊಂದು ವಿನಂತಿಯಿದೆ. ನಿಮ್ಮ ಶಿಷ್ಯ ರಿಂಗಿಗೆ ಹೋಗುತ್ತೇನೆಂದಾಗ ನಿಮಗೆ ಹೆಮ್ಮೆಯಾಗುವುದು ಸಹಜ. ಆದರೆ ನಿಮಗೆ ಬಾಕ್ಸಿಂಗ್ ಗೊತ್ತಿಲ್ಲದಿದ್ದರೆ ಅದನ್ನು ಒಪ್ಪಿಕೊಂಡು, ಗೊತ್ತಿರುವವರ ಬಳಿಗೆ ಕಳುಹಿಸಿ. ಗ್ಲೌಸ್ ತೊಡಿಸಿ, ಎರಡು ತಿಂಗಳು ಚೀಲ ಗುದ್ದಿಸಿ, ನಿಮ್ಮ ಸಂಸ್ಥೆಯ ಹೆಸರಿಗಾಗಿ ಪಂದ್ಯಕ್ಕೆ ಕಳುಹಿಸಬೇಡಿ. ಸರಕಾರವೂ ಎಚ್ಚೆತ್ತುಕೊಳ್ಳಬೇಕು. ಒಂದು ಜಾತ್ರೆಗೆ, ಒಂದು ಮೆರವಣಿಗೆಗೆ ಅನುಮತಿ ಕೇಳುವ ಆಡಳಿತವು ಇಬ್ಬರು ಯುವಕರು ತಲೆಗೆ ತಲೆ ಹೊಡೆದಾಡುವ ಸ್ಪರ್ಧೆಗೆ ವೈದ್ಯರಿದ್ದಾರೆಯೇ, ಆಂಬುಲೆನ್ಸ್ ಇದೆಯೇ ಎಂದು ಕೇಳಬೇಡವೇ? ಸಾವು ಸಂಭವಿಸಿದ ಬಳಿಕ ಪ್ರಕರಣ ದಾಖಲಿಸುವುದರಿಂದ ಯಾವ ತಾಯಿಗೂ ಮಗ ಮರಳಿ ಸಿಗುವುದಿಲ್ಲ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ.

ಸಹೋದರರೇ, ನಿಮ್ಮ ಮಗನಿಗೆ ಬರಿದೇ ಬೇಡ ಎನ್ನಬೇಡಿ. ಹಾಗೆಂದರೆ ಅವನು ನಿಮಗೆ ಹೇಳದೆ ಹೋಗುತ್ತಾನೆ. ಹೇಳದೆ ಹೋದವನು ತಲೆನೋವು ಬಂದಾಗಲೂ ಹೇಳುವುದಿಲ್ಲ. ಅಪಾಯ ಅಲ್ಲಿಯೇ ಇರುವುದು. ಬರಿದೇ ಹೋಗು ಎನ್ನಲೂ ಬೇಡಿ. ಅವನನ್ನು ಕೂರಿಸಿಕೊಂಡು, ಅವನ ತಾಯಿಯೂ ಜೊತೆಗಿರಲಿ, ಹೀಗೆ ಹೇಳಿ: ಮೊದಲು ಕಾಲೇಜು ಮುಗಿಸು. ಅಲ್ಲಿಯ ತನಕ ಹಾಸನದಲ್ಲೋ ಬೆಂಗಳೂರಿನಲ್ಲೋ ರಜೆಯಲ್ಲಿ ಬಾಕ್ಸಿಂಗ್ ಕಲಿ, ಖರ್ಚು ನಾವು ಕೊಡುತ್ತೇವೆ. ಹಣದ ಪಂದ್ಯಕ್ಕೆ ಈಗ ಸಹಿ ಹಾಕಬೇಡ. ಹವ್ಯಾಸಿ ಪಂದ್ಯಗಳನ್ನು ಆಡು, ನಾವು ಬಂದು ನೋಡುತ್ತೇವೆ. ರಿಂಗಿನ ಬಳಿ ವೈದ್ಯರೂ ಆಂಬುಲೆನ್ಸೂ ಇಲ್ಲದಿದ್ದರೆ ಆ ದಿನ ಆಡದೆ ಮರಳಿ ಬಾ, ಅದನ್ನು ಸೋಲೆಂದು ನಮ್ಮ ಮನೆಯಲ್ಲಿ ಯಾರೂ ಎಣಿಸುವುದಿಲ್ಲ. ತೂಕ ಇಳಿಸಲು ನೀರು ಬಿಡಬೇಡ. ತಲೆಗೆ ಏಟು ಬಿದ್ದರೆ ಸಣ್ಣದಾದರೂ ನಮಗೆ ಹೇಳು. ಯಾವ ದಿನ ನಿನಗೆ ಸಾಕೆನಿಸುತ್ತದೋ ಆ ದಿನ ಮನೆಗೆ ಬಾ, ಯಾಕೆ ಬಿಟ್ಟೆ ಎಂದು ನಾವು ಕೇಳುವುದಿಲ್ಲ.

ಈ ಮಾತುಗಳನ್ನು ಅವನು ಒಪ್ಪಿದರೆ ಅವನು ಕರಾಟೆಯನ್ನು ನಿಜಕ್ಕೂ ಕಲಿತಿದ್ದಾನೆ ಎಂದರ್ಥ. ಯಾಕೆಂದರೆ ಬಿರುಸಾಗಿ ಹೊರಟದ್ದನ್ನು ತಕ್ಕ ಜಾಗದಲ್ಲಿ ತಡೆದು ನಿಲ್ಲಿಸುವುದನ್ನೇ ಅವನಿಗೆ 8 ವರ್ಷ ಇಲ್ಲಿ ಕಲಿಸಲಾಗಿದೆ. ರಿಂಗಿನಲ್ಲಿ ಮುಷ್ಟಿಯನ್ನು ತಡೆಯಬೇಕಾಗಿಲ್ಲ, ಒಪ್ಪೋಣ. ಆದರೆ ರಿಂಗಿಗೆ ಇಳಿಯಬೇಕೇ, ಯಾವಾಗ ಇಳಿಯಬೇಕು, ಯಾವಾಗ ಹೊರಬರಬೇಕು ಎಂಬ ತೀರ್ಮಾನದಲ್ಲಿ ಆ ಹಳೆಯ ಪಾಠವೇ ಅವನನ್ನು ಕಾಯಬೇಕು.

ಒಪ್ಪದಿದ್ದರೆ? ಆಗಲೂ ಬಾಗಿಲು ಮುಚ್ಚಬೇಡಿ. ಅವನ ತಾಯಿಗೆ ಊಟ ಮಾಡಲು ಹೇಳಿ. ಇಂದು ರಾತ್ರಿ ಮೂವರೂ ಜೊತೆಯಲ್ಲಿ ಕುಳಿತು ಊಟ ಮಾಡಿ, ಮಾತುಕತೆ ಅಲ್ಲಿಂದಲೇ ಆರಂಭವಾಗಲಿ.